ಸದರಿಯವರ ಎಡಗೈ

ಮಾನ್ಯ ಓದುಗರ ಸನ್ನಿಧಿಗೆ,

ವಿಷಯ: ನಮ್ಮ ಸಿಡ್ನಿ ಕನ್ನಡ ಬಳಗದ ಸದಸ್ಯರೂ, ಬೇಸ್‌ಬಾಲ್ ಆಟದಲ್ಲಿ ಎಡಗೈ ಪಿಚರ್ ಆಗಿದ್ದವರೂ ಆದ ಒಬ್ಬರು ಆಟದಿಂದ ನಿವೃತ್ತರಾಗಿರುವ ಕುರಿತು.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಮೊದಲಿಗೆ ಅರಿಕೆ ಮಾಡಿಕೊಳ್ಳುವುದೇನೆಂದರೆ, ಬಳಗದ ಕ್ರೀಡಾ ಕಾರ್ಯದರ್ಶಿಯಾಗಿ ನಾನು ಈವರೆಗೆ ಬರೆದಿರುವುದು ಸಭಾ ಸೂಚನೆಗಳನ್ನು, ನಡವಳಿಗಳನ್ನು ಮತ್ತು ಮೈದಾನ ಕಾಯ್ದಿರಿಸಿಕೊಡುವಂತೆ ಕೌನ್ಸಿಲ್‌ಗೆ ಸಲ್ಲಿಸಿದ ಮನವಿಗಳನ್ನು ಮಾತ್ರ. ಒಬ್ಬ ಮನುಷ್ಯನನ್ನು ಕುರಿತು ಬರೆಯುತ್ತಿರುವುದು ಇದೇ ಮೊದಲು. ಆದ್ದರಿಂದ ಸದರಿಯವರ ಜನನ, ವಿದ್ಯಾಭ್ಯಾಸ ಇತ್ಯಾದಿ ವಿವರಗಳನ್ನು ಕೈಬಿಟ್ಟು, ನಾನು ಕಣ್ಣಾರೆ ಕಂಡದ್ದನ್ನು ಹಾಗೂ ಅವರ ಬಾಯಿಂದಲೇ ಕೇಳಿದ್ದನ್ನು ಮಾತ್ರ ಇಲ್ಲಿ ನಿವೇದಿಸುತ್ತೇನೆ.

ಹೆಸರನ್ನು ಪ್ರಕಟಿಸಬಾರದೆಂಬುದು ಅವರ ಷರತ್ತು. ಅನುಮತಿ ಕೇಳಲು ಫೋನ್ ಮಾಡಿದಾಗ ಅವರು ಹೇಳಿದ್ದು ಹೀಗಿದೆ: "ಹೆಸರು ಹಾಕಿದ್ರೆ ದಾವಣಗೆರೇಲಿ ಯಾರೋ ಓದ್ತಾರೆ, ನಮ್ಮಣ್ಣಗೆ ಫೋನ್ ಹೋಗುತ್ತೆ, ಆಮೇಲೆ ರಾಮಾಯಣ. ಕೈ ಬಗ್ಗೆ ಬೇಕಾದ್ರೆ ಬರಕಳ್ರಿ." ಆ ಪ್ರಕಾರ ಈ ಬರಹವು ಮುಖ್ಯವಾಗಿ ಅವರ ಎಡಗೈಗೆ ಸಂಬಂಧಿಸಿದ್ದಾಗಿದೆ.

ಎರಡು ಸಾವಿರದ ದಶಕದ ಆರಂಭದಲ್ಲಿ ನಾನು ಅವರನ್ನು ಮೊದಲು ಕಂಡದ್ದು ಪೆಂಡಲ್ ಹಿಲ್ ಸ್ಟೇಷನ್ ಸಮೀಪದ ದಿನಸಿ ಅಂಗಡಿಯಲ್ಲಿ. ತೆಂಗಿನಕಾಯಿಯ ಬುಟ್ಟಿಯ ಮುಂದೆ ನಿಂತಿದ್ದರು. ನಾವೆಲ್ಲ ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ ನೋಡುತ್ತೇವೆ. ಅವರು ಹಾಗೆ ಮಾಡದೆ, ಎಡಗೈಯಲ್ಲಿ ತೂಗಿ, ಗೇಣುದ್ದ ಮೇಲಕ್ಕೆ ಹಾರಿಸಿ, ಬೆರಳ ತುದಿಗಳಲ್ಲಿ ತಿರುಗಿಸಿ ಹಿಡಿಯುತ್ತಿದ್ದರು. ಅಂಗಡಿಯವರು ಇದು ಕ್ರಿಕೆಟ್ ಬಾಲ್ ಅಲ್ಲವೆಂದು ಹಿಂದಿಯಲ್ಲಿ ಹಾಸ್ಯ ಮಾಡಿದರು. ದುಡ್ಡು ಕೊಡುವಾಗ ಅವರು ಕಾಯಿಯನ್ನು ಎಡಗೈಯಲ್ಲೇ ಉಳಿಸಿಕೊಂಡು ಬಲಗೈಯಿಂದ ಕೊಟ್ಟರು. ಬರೆಯುವುದು, ಉಣ್ಣುವುದು, ಕೊಡುವುದು, ತೆಗೆದುಕೊಳ್ಳುವುದು ಎಲ್ಲವೂ ಬಲಗೈಯಲ್ಲಿಯೇ. ಮುಂದೊಮ್ಮೆ ಈ ಬಗ್ಗೆ ವಿಚಾರಿಸಿದಾಗ, ಬಲಗೈ ಮನೆಯವರು ಮತ್ತು ಮೇಷ್ಟರು ಹೊಡೆದು ಮಾಡಿದ್ದೆಂದೂ, ಎಡಗೈ ಮಾತ್ರ ತಮ್ಮ ಸ್ವಂತದ್ದೆಂದೂ ತಿಳಿಸಿದರು.

ಅವರು ವಿದ್ಯಾರ್ಥಿಯಾಗಿ ಬಂದು, ಇಲ್ಲೇ ಕಾಯಂ ನೆಲೆಸುವ ಪಿಆರ್ ಪಡೆದು, ಆ ವೇಳೆಗೆ ಪ್ಯಾರಮಟ್ಟಾದ ಕಚೇರಿಯೊಂದರ ಹೆಲ್ಪ್ ಡೆಸ್ಕ್‌ನಲ್ಲಿ ಕೆಲಸದಲ್ಲಿದ್ದರು. ಕಂಪ್ಯೂಟರ್ ಕೈಕೊಟ್ಟವರೆಲ್ಲ ಕರೆ ಮಾಡುವುದು ಇವರಿಗೆ. ದಿನವಿಡೀ ಬೈಸಿಕೊಂಡೂ ದನಿ ಏರಿಸದೆ, ಒಮ್ಮೆ ಆಫ್ ಮಾಡಿ ಆನ್ ಮಾಡಿ ಎಂದು ಹೇಳುವುದೇ ತಮ್ಮ ಉದ್ಯೋಗವೆಂದು ಅವರು ವರ್ಣಿಸುತ್ತಿದ್ದರು. ಈ ಮಾತು ಅವರಿಗೆ ಎಲ್ಲದಕ್ಕೂ ಔಷಧವಾಗಿತ್ತು. ಬಳಗದ ಸಭೆಯಲ್ಲಿ ಖಜಾಂಚಿಯವರೂ ಅಧ್ಯಕ್ಷರೂ ಜಗಳಕ್ಕೆ ನಿಂತಾಗ ಸಭಾಂಗಣದ ದೀಪವನ್ನು ಆರಿಸಿ, ಮತ್ತೆ ಹಾಕಿ, ಈಗ ಹೇಳಿ ಎಂದವರು ಇವರೇ. ಜಗಳ ನಿಂತಿತೆಂಬುದನ್ನು ಆ ದಿನದ ನಡವಳಿಯಲ್ಲಿ ನಾನೇ ನಮೂದಿಸಿದ್ದೇನೆ.

ನಮ್ಮ ಬಳಗದ ವಾರಾಂತ್ಯದ ಕ್ರಿಕೆಟ್ ತಂಡಕ್ಕೆ ಅವರನ್ನು ಆಹ್ವಾನಿಸಲಾಯಿತು. ಅವರು ಬಂದರು, ಫೀಲ್ಡಿಂಗ್ ಮಾಡಿದರು, ಕೊನೆಯ ಕ್ರಮಾಂಕದಲ್ಲಿ ಬ್ಯಾಟಿಂಗ್ ಮಾಡಿದರು. ಬೌಲಿಂಗ್ ಮಾಡಲು ಮಾತ್ರ ಎಷ್ಟು ಕೋರಿದರೂ ಒಪ್ಪಲಿಲ್ಲ. ಮತ್ತೊಂದು ವಿಶೇಷವೆಂದರೆ, ಇಲ್ಲಿನ ಬೇಸಿಗೆಯಾದ ಜನವರಿಯ ಉರಿಬಿಸಿಲಿನಲ್ಲಿಯೂ ಮಣಿಕಟ್ಟಿನವರೆಗೆ ಗುಂಡಿ ಹಾಕಿದ ತುಂಬುತೋಳಿನ ಅಂಗಿ. ತಂಡದವರು, "ಏನ್ ಸಾರ್, ಮದುವೆ ಮುಗಿಸ್ಕೊಂಡು ಸೀದಾ ಬಂದ್ರಾ" ಎಂದು ಕಿಚಾಯಿಸುತ್ತಿದ್ದರು. ಈ ದೇಶದ ಬಿಸಿಲಿಗೆ ಚರ್ಮ ಸುಲಿಯುತ್ತದೆಂದು ಹೇಳಿ ಅವರು ಬೌಂಡರಿಯತ್ತ ನಡೆದುಬಿಡುತ್ತಿದ್ದರು.

ಅವರ ಆಟದ ಬದುಕು ಆರಂಭವಾದದ್ದು ಆ ಬೌಂಡರಿಯಿಂದಲೇ. ನಮ್ಮ ಮೈದಾನದ ಪಕ್ಕದಲ್ಲಿ ಬೇಸ್‌ಬಾಲ್ ಮೈದಾನವಿತ್ತು. ಒಂದು ಭಾನುವಾರ ಅಲ್ಲಿಂದ ಚೆಂಡೊಂದು ಉರುಳುತ್ತ ಬಂದು ಅವರ ಕಾಲ ಬಳಿ ನಿಂತಿತು. ಆಚೆಯಿಂದ ಯಾರೋ ಕೈ ಎತ್ತಿದರು. ಇವರು ಚೆಂಡನ್ನು ಹೆಕ್ಕಿ, ಯೋಚಿಸದೆ, ಎಡಗೈಯಿಂದ ಎಸೆದರು. ನಾನು ಪಾಯಿಂಟ್‌ನಲ್ಲಿ ನಿಂತು ನೋಡುತ್ತಿದ್ದೆ. ಆ ಚೆಂಡು ಕಮಾನಾಗಿ ಏರಿ ಇಳಿಯಲಿಲ್ಲ. ದಾರ ಕಟ್ಟಿ ಎಳೆದಂತೆ ನೆಟ್ಟಗೆ ಹೋಗಿ, ಕೊನೆಯ ಗಳಿಗೆಯಲ್ಲಿ ಮೆಟ್ಟಿಲು ತಪ್ಪಿದವರ ಹಾಗೆ ಕೆಳಕ್ಕೆ ಜಾರಿ, ವಿಕೆಟ್ ಕೀಪರ್ ಹಾಗೆ ಬ್ಯಾಟಿನ ಹಿಂದೆ ಕೂರುವ ಕ್ಯಾಚರ್‌ನ ಚರ್ಮದ ಗ್ಲೋವ್‌ನೊಳಗೆ ಬಿದ್ದ ಸದ್ದು ನಮ್ಮವರೆಗೆ ಕೇಳಿಸಿತು. ಎರಡೂ ಮೈದಾನಗಳಲ್ಲಿ ಆಟ ನಿಂತಿತು.

ಆ ಕ್ಲಬ್ಬಿನ ಕೋಚ್, ಬಿಳಿ ಮೀಸೆಯ ಸ್ಥಳೀಯ ಹಿರಿಯರು, ಕುಂಟುತ್ತ ನಮ್ಮ ಮೈದಾನದ ಮಧ್ಯದವರೆಗೆ ಬಂದು, ಇದನ್ನು ಎಸೆದವರು ಯಾರು ಎಂದು ವಿಚಾರಿಸಿದರು. ಗಾಜು ಒಡೆದು ದೂರು ಬಂದಿದೆಯೆಂದು ಭಾವಿಸಿದ ನಮ್ಮ ನಾಯಕರು ಬಳಗದ ಪರವಾಗಿ ಕ್ಷಮೆ ಕೋರಿದರು. ಕೋಚ್ ಅದನ್ನು ಕಿವಿಗೆ ಹಾಕಿಕೊಳ್ಳದೆ, ಇವರ ಎದುರು ನಿಂತು, ಮಂಗಳವಾರ ಸಂಜೆ ಅಭ್ಯಾಸಕ್ಕೆ ಬರಬೇಕೆಂದು ಹೇಳಿ ಹೋದರು. ಇವರು ಆ ಮಂಗಳವಾರ ಹೋಗಲಿಲ್ಲ. ಮೊದಲು ಲೈಬ್ರರಿಯಿಂದ ಆಟದ ನಿಯಮಗಳ ಪುಸ್ತಕ ತಂದು ಓದಿದರು. ಓದಿ ಮುಗಿಸಿದ ಮೇಲೆ ನನಗೆ ಫೋನ್ ಮಾಡಿ, "ಎಸೆಯೋವಾಗ ಮೊಣಕೈ ಹಿಂಗೇ ಇರಬೇಕು ಅಂತ ಎಲ್ಲೂ ಇಲ್ರೀ" ಎಂದರು. ಇದನ್ನು ನನಗೇಕೆ ಹೇಳುತ್ತಿದ್ದಾರೆಂಬುದು ಅಂದು ತಿಳಿಯಲಿಲ್ಲ. ಮುಂದಿನ ಮಂಗಳವಾರ ಅಭ್ಯಾಸಕ್ಕೆ ಹೋದರು.

ಓದುಗರ ಮಾಹಿತಿಗಾಗಿ ಸಂಕ್ಷಿಪ್ತವಾಗಿ: ಬೇಸ್‌ಬಾಲ್‌ನಲ್ಲಿ ಬೌಲರ್‌ನ ಸ್ಥಾನದಲ್ಲಿರುವವರು ಪಿಚರ್. ಅವರು ಮಣ್ಣಿನ ಸಣ್ಣ ದಿಬ್ಬದ ಮೇಲೆ ನಿಂತು, ಚೆಂಡನ್ನು ನೆಲಕ್ಕೆ ತಾಗಿಸದೆ, ನೇರವಾಗಿ ಬ್ಯಾಟ್ಸ್‌ಮನ್‌ನ ಎದೆಗೂ ಮೊಣಕಾಲಿಗೂ ನಡುವೆ ಎಸೆಯಬೇಕು. ಮೂರು ಒಳ್ಳೆಯ ಎಸೆತಗಳನ್ನು ಬ್ಯಾಟ್ಸ್‌ಮನ್ ಹೊಡೆಯಲಾಗದೆ ಬಿಟ್ಟರೆ ಔಟ್; ಮೂವರು ಔಟಾದರೆ ಇನ್ನಿಂಗ್ಸ್ ಮುಗಿಯಿತು. ಮತ್ತೊಂದು ಕೈಯಲ್ಲಿ ಚೆಂಡು ಹಿಡಿಯುವ ದೊಡ್ಡ ಚರ್ಮದ ಗ್ಲೋವ್ ಇರುತ್ತದೆ. ಎಡಗೈಯಿಂದ ಎಸೆಯುವವರ ಗ್ಲೋವ್ ಬಲಗೈಯದ್ದಾದ್ದರಿಂದ, ಅದು ಬಲಗೈ ಆಟಗಾರರಿಗೆ ಉಪಯೋಗಕ್ಕೆ ಬಾರದು. ಅವರದ್ದು ಇವರಿಗೆ ಬಾರದು.

ಮೊದಲ ಪಂದ್ಯದಲ್ಲಿ ಸದರಿಯವರು ಆರು ಚೆಂಡುಗಳನ್ನು ಎಸೆದರು. ನಂತರ ದಿಬ್ಬದಿಂದಿಳಿದು, ಗಂಭೀರವಾಗಿ ನಡೆದುಹೋಗಿ, ಅಂಪೈರ್ ಮುಂದೆ ಕೈಚಾಚಿ ನಿಂತರು. ಅಂಪೈರ್‌ಗೆ ಏನೂ ಅರ್ಥವಾಗಲಿಲ್ಲ. ಓವರ್ ಮುಗಿಯಿತೆಂದೂ, ಕ್ರಿಕೆಟ್ಟಿನಲ್ಲಿ ಬೌಲರ್ ಅಂಪೈರ್ ಕೈಗೆ ಕೊಟ್ಟಿರುವ ಟೋಪಿಯನ್ನು ಹಿಂದಕ್ಕೆ ಕೇಳುತ್ತಿದ್ದಾರೆಂದೂ ಆ ಮೈದಾನದಲ್ಲಿ ನನಗೊಬ್ಬನಿಗೇ ಹೊಳೆಯಿತು. ಟೋಪಿ ಅವರ ತಲೆಯ ಮೇಲೆಯೇ ಇತ್ತು. ಅದೇ ದಿನ ಮತ್ತೊಂದು ಪ್ರಮಾದವೂ ಆಯಿತು. ಅಭ್ಯಾಸಬಲದಿಂದ ಚೆಂಡಿಗೆ ಎಂಜಲು ಹಚ್ಚಿ ಪ್ಯಾಂಟಿಗೆ ಉಜ್ಜಿದರು. ಕೋಚ್ ಓಡಿಬಂದು, ಈ ಆಟದಲ್ಲಿ ಚೆಂಡಿಗೆ ಎಂಜಲು, ಎಣ್ಣೆ, ಪುಡಿ ಏನನ್ನೂ ಹಚ್ಚುವಂತಿಲ್ಲ, ಹಚ್ಚಿದವರನ್ನು ಮೋಸಗಾರರೆಂದು ಮೈದಾನದಿಂದ ಹೊರಗೆ ಕಳಿಸುತ್ತಾರೆ ಎಂದು ಎಚ್ಚರಿಸಿದರು. ಮೋಸಗಾರ ಎಂಬ ಪದ ಕೇಳಿದೊಡನೆ ಅವರ ಮುಖ ಸಪ್ಪಗಾದದ್ದನ್ನು ನಾನು ಗಮನಿಸಿದೆ.

ಮುಂದಿನ ದಿನಗಳಲ್ಲಿ ಅವರು ಕೆಳಗಿನ ದರ್ಜೆಯ ತಂಡದಲ್ಲಿ ಗೆಲ್ಲುತ್ತ ಬಂದರು. ಬ್ಯಾಟ್ಸ್‌ಮನ್‌ಗಳು ಚೆಂಡು ಬಂದ ಜಾಗಕ್ಕೆ ಬ್ಯಾಟ್ ಬೀಸುತ್ತಿದ್ದರು; ಚೆಂಡು ಅಷ್ಟರಲ್ಲಿ ಒಂದು ಗೇಣು ಕೆಳಗಿರುತ್ತಿತ್ತು. ತಂಡದವರು ಅವರನ್ನು ಲೆಫ್ಟಿ ಎಂದು ಕರೆದರು. ಎರಡು ಎಸೆತ ಕೆಟ್ಟರೆ ದಿಬ್ಬದಿಂದಿಳಿದು, ಬ್ಯಾಟ್ಸ್‌ಮನ್‌ಗೆ ಬೆನ್ನು ತಿರುಗಿಸಿ, ಆಕಾಶ ನೋಡಿ, ಮತ್ತೆ ಹತ್ತುತ್ತಿದ್ದರು. ಅದೇನೆಂದು ಕ್ಯಾಚರ್ ಕೇಳಿದ್ದಕ್ಕೆ ಆಫ್ ಮಾಡಿ ಆನ್ ಮಾಡಿದ್ದೆಂದು ಉತ್ತರಿಸಿದರಂತೆ. ಬೇಸ್‌ಬಾಲ್ ಆಟಗಾರರು ಬೆಂಚಿನ ಮೇಲೆ ಕುಳಿತು ಸೂರ್ಯಕಾಂತಿ ಬೀಜ ತಿಂದು ಸಿಪ್ಪೆ ಉಗುಳುವುದು ವಾಡಿಕೆ. ಇವರ ಶ್ರೀಮತಿಯವರಿಗೆ ಆ ಉಗುಳಾಟ ಹಿಡಿಸದೆ, ಒಂದು ದೊಡ್ಡ ಡಬ್ಬಿ ಖಾರ ಮಂಡಕ್ಕಿಯನ್ನೂ ಮಿರ್ಚಿಯನ್ನೂ ಮಾಡಿಕೊಂಡು ಬಂದರು. ಬೀಜದ ಪ್ಯಾಕೆಟ್‌ಗಳು ಆ ಬೆಂಚಿನಿಂದ ಖಾಯಂ ಆಗಿ ಕಣ್ಮರೆಯಾದವು.

ಈಗ ಮೆಲ್ಬರ್ನ್ ಪಂದ್ಯದ ವಿಷಯಕ್ಕೆ ಬರುತ್ತೇನೆ. ಹೊಸ ಋತುವಿನ ಆರಂಭದಲ್ಲಿ, ಅಕ್ಟೋಬರ್ ತಿಂಗಳ ಲಾಂಗ್ ವೀಕೆಂಡಿನಲ್ಲಿ, ಅವರ ಕ್ಲಬ್ಬಿಗೂ ಮೆಲ್ಬರ್ನ್‌ನ ಒಂದು ಕ್ಲಬ್ಬಿಗೂ ಪಂದ್ಯ ಏರ್ಪಟ್ಟಿತ್ತು. ಕೋಚ್ ಇವರಿಗೆ ಸ್ಪಷ್ಟವಾಗಿ ತಿಳಿಸಿದ್ದರು: ಈ ಪಂದ್ಯವನ್ನು ಪೂರ್ತಿ ಎಸೆದು ಗೆಲ್ಲಿಸಿದರೆ ಮೊದಲ ದರ್ಜೆಯ ತಂಡದ ಪಿಚರ್ ಸ್ಥಾನ ಇವರದು, ಇಲ್ಲವಾದರೆ ಅದು ಕಿರಿಯನೊಬ್ಬನಿಗೆ ಹೋಗುವುದು, ಮತ್ತು ಇವರ ವಯಸ್ಸಿಗೆ ಎರಡನೆಯ ಅವಕಾಶ ಬರಲಾರದು.

ಆ ವರ್ಷ ಆಯುಧಪೂಜೆಯೂ ಅದೇ ದಿನಗಳಲ್ಲಿ ಬಂತು. ಇಲ್ಲಿ ನಮ್ಮ ಹಬ್ಬಗಳು ಪಂಚಾಂಗಕ್ಕಿಂತ ವೀಕೆಂಡಿನ ಮಾತನ್ನು ಹೆಚ್ಚಾಗಿ ಕೇಳುತ್ತವೆ ಎಂಬುದು ತಮಗೆ ತಿಳಿದೇ ಇದೆ. ಪ್ರಯಾಣದ ದಿನ ಬೆಳಗ್ಗೆ ಅವರ ಶ್ರೀಮತಿಯವರು ಕಾರಿಗೆ, ಲ್ಯಾಪ್‌ಟಾಪ್‌ಗೆ, ಮಿಕ್ಸಿಗೆ, ಅವುಗಳ ಸಾಲಿನಲ್ಲೇ ಬೇಸ್‌ಬಾಲ್ ಗ್ಲೋವ್‌ಗೂ ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಏರಿಸಿ, ಪೂಜೆ ಸಲ್ಲಿಸಿದರು. ಕಾರು ನಿಂಬೆಹಣ್ಣನ್ನು ಅಪ್ಪಚ್ಚಿ ಮಾಡಿತು. ಅವರಿಬ್ಬರ ಜೊತೆ ನಾನೂ ಹೊರಟೆ.

ಹೊರಡುವ ಮುನ್ನ ಗ್ಲೋವ್ ಅನ್ನು ಬಟ್ಟೆಯಿಂದ ಒರೆಸಲು ತೊಡಗಿದ ಪತಿಗೆ ಶ್ರೀಮತಿಯವರು, "ರೀ, ಪೂರ್ತಿ ಒರೆಸಬ್ಯಾಡ್ರಿ, ಪೂಜೆ ಮಾಡಿದ್ದು. ಒಳಗಡೆ ಒಂಚೂರು ಇರ್ಲಿ" ಎಂದದ್ದು ನನಗೆ ನೆನಪಿದೆ. ಸದರಿಯವರು ಹೊರಗೆಲ್ಲ ಒರೆಸಿ, ಒಳಗಿನ ಬೊಟ್ಟನ್ನು ಬಿಟ್ಟರು. ನಿಯಮ ಅವರಿಗೆ ಗೊತ್ತಿತ್ತು. ಕೈ ತೂರಿಸುವ ಒಳಭಾಗದ ಕುಂಕುಮ ಚೆಂಡಿಗೆ ತಾಗುವುದಿಲ್ಲವೆಂದು ಅವರು ಭಾವಿಸಿದ್ದರು.

ಹ್ಯೂಮ್ ಹೈವೇ ದೀರ್ಘವಾದದ್ದು. ಆಲ್ಬರಿಯ ಬಳಿ ಮರದ ನೆರಳಿನಲ್ಲಿ ಕಾರು ನಿಲ್ಲಿಸಿ ಚಿತ್ರಾನ್ನ ತಿನ್ನುತ್ತಿದ್ದಾಗ, ತುಂಬುತೋಳಿನ ವಿಷಯವನ್ನು ನಾನು ಪುನಃ ಪ್ರಸ್ತಾಪಿಸಿದೆ. ಅಂದು ಅವರು ಹೇಳಿದರು. ಬಾಲ್ಯದಲ್ಲಿ ಸೈಕಲ್‌ನಿಂದ ಬಿದ್ದು ಎಡ ಮೊಣಕೈ ಮುರಿದಿತ್ತು. ಮೂಳೆ ಕೂಡಿಸುವವರು ಬಿದಿರು ದಬ್ಬೆ ಕಟ್ಟಿ ಕೂಡಿಸಿದರು. ಕೂಡಿತು, ಆದರೆ ಸೊಟ್ಟಗೆ. ಆ ಕೈ ಎಂದೂ ಪೂರ್ತಿ ನೀಳವಾಗಲಿಲ್ಲ. ಆ ಸೊಟ್ಟ ಕೈಯಲ್ಲೇ ಬೌಲಿಂಗ್ ಕಲಿತು, ದಾವಣಗೆರೆಯಲ್ಲಿ ದೊಡ್ಡ ಟೂರ್ನಮೆಂಟಿನ ಫೈನಲ್‌ವರೆಗೆ ಬಂದರು. ಫೈನಲ್‌ನಲ್ಲಿ ಸ್ಕ್ವೇರ್ ಲೆಗ್ ಅಂಪೈರ್ ಇವರ ಮೊದಲ ಚೆಂಡಿಗೇ ನೋಬಾಲ್ ಕೂಗಿದರು, ಮೊಣಕೈ ಮಡಿಸಿ ಎಸೆಯುತ್ತಿದ್ದಾನೆಂದು. ಮುಂದಿನದಕ್ಕೂ ಕೂಗಿದರು. ಅದರ ಮುಂದಿನದಕ್ಕೂ. ಓವರ್ ಮುಗಿಯುವ ಹಾಗೇ ಕಾಣಲಿಲ್ಲ. ಕೊನೆಗೆ ನಾಯಕರು ಬಂದು ಕೈಯಿಂದ ಚೆಂಡು ಕಿತ್ತುಕೊಂಡರು.

"ನೀವು ಅಂಪೈರ್‌ಗೆ ಕೈ ತೋರಿಸಲಿಲ್ವೆ?" ಎಂದು ಕೇಳಿದೆ.

"ಇಲ್ರೀ. ಬಾಯೇ ಬರ್ಲಿಲ್ಲ. ಸುಮ್ನೆ ಹೊರಗೆ ನಡ್ಕೊಂಡು ಬಂದ್ಬಿಟ್ಟೆ. ಮಾರನೇ ದಿನದಿಂದ ಬಜಾರ್‌ನಾಗೆ ಎಲ್ರೂ ಮೊಣಕೈ ಮಡಿಸಿ ನಮಸ್ಕಾರ ಮಾಡೋರು. ಮೋಸದ ಕೈ ಅಂತ ಹೆಸರಾಯ್ತು."

ಬೇಸ್‌ಬಾಲ್‌ನಲ್ಲಿ ಎಸೆಯುವುದೇ ಆಟವಲ್ಲವೆ, ನಿಯಮದ ಪುಸ್ತಕದಲ್ಲಿ ಏನೂ ಇಲ್ಲವೆಂದು ತಾವೇ ಹೇಳಿದ್ದಿರಲ್ಲ, ಇನ್ನೂ ಯಾಕೆ ತೋಳು ಮುಚ್ಚುತ್ತೀರಿ ಎಂದು ನಾನು ಕೇಳಿದೆ.

"ಪುಸ್ತಕದಾಗಿಲ್ಲ ಅಂದ್ರೇನಾಯ್ತು, ಅಂಪೈರ್ ಕಣ್ಣಾಗಿರುತ್ತಲ್ರೀ" ಎಂದು ಹೇಳಿ, ಡಬ್ಬಿ ಮುಚ್ಚಿ, ಕಾರಿನತ್ತ ನಡೆದರು. ಶ್ರೀಮತಿಯವರು ಚಿತ್ರಾನ್ನದಲ್ಲಿನ ಕಡಲೆಕಾಯಿ ಬೀಜಗಳನ್ನು ಆರಿಸುತ್ತಿದ್ದರು.

ಭಾನುವಾರ ಮೆಲ್ಬರ್ನ್‌ನಲ್ಲಿ ಚಳಿ, ಬಿಸಿಲು, ಗಾಳಿ ಮೂರೂ ಸರದಿಯಂತೆ ಬಂದುಹೋದವು. ನಮ್ಮ ತಂಡ ಆರಂಭದಲ್ಲೇ ಒಂದು ರನ್ ಗಳಿಸಿತು. ಸದರಿಯವರ ಎಸೆತಗಳ ಮುಂದೆ ಎದುರಾಳಿಗಳಿಗೆ ಏನೂ ಗಿಟ್ಟಲಿಲ್ಲ. ಒಂದೊಂದು ಇನ್ನಿಂಗ್ಸ್ ಮುಗಿದಾಗಲೂ ಅವರು ಬೆಂಚಿಗೆ ಬಂದು, ಮಂಡಕ್ಕಿಯ ಡಬ್ಬಿಗೆ ಬಲಗೈ ಹಾಕಿ ತಿನ್ನುತ್ತಿದ್ದರು. ಕೋಚ್ ಮೀಸೆ ತಿರುವುತ್ತಿದ್ದರು. ನಾನೂ ಶ್ರೀಮತಿಯವರೂ ತಂತಿಬೇಲಿಗೆ ಒರಗಿ ನಿಂತಿದ್ದೆವು.

ಕೊನೆಯ ಇನ್ನಿಂಗ್ಸ್ ಆರಂಭವಾಗಬೇಕೆನ್ನುವಾಗ ಎದುರಾಳಿ ಕೋಚ್ ಅಂಪೈರ್ ಬಳಿ ಹೋಗಿ ಏನನ್ನೋ ಹೇಳಿದರು. ಅಂಪೈರ್ ಚೆಂಡನ್ನು ತರಿಸಿ, ಹತ್ತಿರ ಹಿಡಿದು ನೋಡಿದರು. ಬಿಳಿಯ ಚೆಂಡಿನ ಹೊಲಿಗೆಯ ಪಕ್ಕದಲ್ಲಿ ಕೆಂಪು ಕಲೆ ಹರಡಿತ್ತು. ಅವರು ಸದರಿಯವರನ್ನೂ ಎರಡೂ ಕಡೆಯ ಕೋಚ್‌ಗಳನ್ನೂ ನಾವು ನಿಂತಿದ್ದ ಬೇಲಿಯ ಬದಿಗೇ ಕರೆದರು. ಆದ್ದರಿಂದ ಅಲ್ಲಿ ನಡೆದದ್ದನ್ನೆಲ್ಲ ನಾನು ನೇರವಾಗಿ ಕೇಳಿದ್ದೇನೆ. ಇಂಗ್ಲಿಷಿನ ಮಾತುಗಳನ್ನು ಕನ್ನಡದಲ್ಲಿ ನಮೂದಿಸುತ್ತಿದ್ದೇನೆ.

ಅಂಪೈರ್ ಗ್ಲೋವ್ ಕೇಳಿ ಪಡೆದು, ಒಳಗೆ ಬೆರಳು ತೂರಿಸಿದರು. ಬೆರಳು ಕೆಂಪಾಗಿ ಹೊರಬಂತು. ಬೆವರಿಗೆ ಕುಂಕುಮ ಕರಗಿ, ಬಲಗೈಗೆ ಹತ್ತಿ, ಗ್ಲೋವ್ ಕಳಚಿ ಎರಡೂ ಕೈಯಲ್ಲಿ ಚೆಂಡನ್ನು ತಿಕ್ಕುವಾಗ ಆ ಕೈಯಿಂದ ಚೆಂಡಿಗೆ ಬಂದಿತ್ತು.

"ಕೈಗೆ ಗಾಯ ಆಗಿದೆಯೇನಪ್ಪ, ಇದು ರಕ್ತ ತಾನೆ?" ಎಂದು ಅಂಪೈರ್ ಕೇಳಿದರು. ಆ ದನಿಯಲ್ಲಿ ಕನಿಕರವಿತ್ತು.

ನಮ್ಮ ಕೋಚ್ ತಕ್ಷಣ ತಲೆಯಾಡಿಸತೊಡಗಿದರು. ಹೌದು ಎಂಬ ಒಂದೇ ಮಾತು ಸಾಕಿತ್ತು. ಒಂದು ಪಟ್ಟಿ ಸುತ್ತಿಸಿಕೊಂಡು, ಕೈ ತೊಳೆದು, ದಿಬ್ಬಕ್ಕೆ ಹಿಂತಿರುಗಬಹುದಿತ್ತು. ನನ್ನ ಪಕ್ಕದಲ್ಲಿ ಶ್ರೀಮತಿಯವರು ಬೇಲಿಯ ತಂತಿಯನ್ನು ಬಿಗಿಯಾಗಿ ಹಿಡಿದು, "ಅಯ್ಯೋ, ನನ್ನಿಂದ ಆತು, ಹೂಂ ಅಂದ್ಬಿಡ್ರಿ" ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. ಸದರಿಯವರು ಅಂಪೈರ್ ಅವರ ಬೆರಳನ್ನು ನೋಡಿದರು. ದಾವಣಗೆರೆಯಲ್ಲಿ ಬಾರದ ಬಾಯಿ ಅಂದು ಬಂತು.

"ಇದು ರಕ್ತ ಅಲ್ಲ. ನಮ್ಮ ಹಬ್ಬದ ಪುಡಿ. ಕೆಲಸದ ಸಾಮಾನಿಗೆ ವರ್ಷಕ್ಕೊಂದು ಸಲ ಪೂಜೆ ಮಾಡಿ ಹಚ್ತೀವಿ. ಇರೋದು ಗೊತ್ತಿದ್ದೇ ಬಿಟ್ಟಿದ್ದೆ, ಚೆಂಡಿಗೆ ತಾಗುತ್ತೆ ಅಂತ ಗೊತ್ತಿರಲಿಲ್ಲ. ತಪ್ಪಾಗಿದ್ರೆ ಗ್ಲೋವ್ ಇಟ್ಕೊಳ್ಳಿ. ಮೋಸ ಮಾಡಿಲ್ಲ."

ಎದುರಾಳಿ ಕೋಚ್ ಕೂಡಲೇ, ಒಪ್ಪಿಕೊಂಡಾಯಿತಲ್ಲ, ಹೊರಗೆ ಕಳಿಸಿ ಎಂದು ಪಟ್ಟು ಹಿಡಿದರು. ಗ್ಲೋವ್‌ನಲ್ಲಿ ಇಟ್ಟವರು ತೋಳಿನಲ್ಲೂ ಇಟ್ಟಿರುತ್ತಾರೆಂದು ಸೇರಿಸಿದರು. ಅಂಪೈರ್ ತೋಳು ಮೇಲಕ್ಕೆ ಮಡಚಲು ಸೂಚಿಸಿದರು. ಎಣ್ಣೆ ಗಿಣ್ಣೆ ಹಚ್ಚಿಕೊಂಡಿಲ್ಲವೆಂದು ಖಾತ್ರಿಪಡಿಸಿಕೊಳ್ಳಲು ಅದು ವಾಡಿಕೆಯಂತೆ.

ಸದರಿಯವರು ಅಲುಗಾಡಲಿಲ್ಲ. ಎಲ್ಲರ ಕಣ್ಣೂ ಅವರ ಎಡತೋಳಿನ ಮೇಲಿತ್ತು. ಆ ತಡ ಅವರನ್ನು ಅಪರಾಧಿಯಂತೆ ಕಾಣಿಸುತ್ತಿದೆಯೆಂದು ನನಗೆ ಅರಿವಾದರೂ ನಾನು ಬೇಲಿಯ ಹೊರಗಿನವನು. ಆಗ ಅವರು ಅಂಪೈರ್‌ಗೆ ಬೆನ್ನು ತಿರುಗಿಸಿ, ಒಂದು ಗಳಿಗೆ ಆಕಾಶ ನೋಡಿ, ಮತ್ತೆ ತಿರುಗಿದರು. ಮಣಿಕಟ್ಟಿನ ಗುಂಡಿ ಬಿಚ್ಚಿದರು. ತೋಳನ್ನು ಒಂದೊಂದೇ ಮಡಿಕೆಯಾಗಿ ಭುಜದವರೆಗೆ ಏರಿಸಿದರು. ಸೊಟ್ಟಗೆ ಕೂಡಿದ ಮೊಣಕೈ, ಅದರ ಮೇಲೆ ಎದ್ದುನಿಂತ ಮೂಳೆಯ ಗಂಟು, ಎರಡು ತಂಡಗಳ ಮುಂದೆ, ಮಧ್ಯಾಹ್ನದ ಬೆಳಕಿನಲ್ಲಿ ಬಯಲಾಯಿತು. ಅವರು ಕೈಯನ್ನು ಆಗುವಷ್ಟು ಚಾಚಿ ಹಿಡಿದರು. ಅದು ಪೂರ್ತಿ ಚಾಚಲಿಲ್ಲ.

ಅಂಪೈರ್ ಮೇಲಿಂದ ಕೆಳಕ್ಕೆ ಬೆರಳಾಡಿಸಿ, ಬೆರಳನ್ನು ಮೂಸಿ ನೋಡಿ, ಏನೂ ಇಲ್ಲ ಎಂದರು. ನಂತರ ತೀರ್ಪು ನೀಡಿದರು: ಚೆಂಡು ಬದಲು, ಕೈ ತೊಳೆಯತಕ್ಕದ್ದು, ಆ ಗ್ಲೋವ್ ಪಂದ್ಯದಿಂದ ಹೊರಗೆ, ಪಿಚರ್ ಆಡಬಹುದು.

ನಮ್ಮ ಬೆಂಚಿನಲ್ಲಿ ಎದ್ದ ಉತ್ಸಾಹ ಅಲ್ಲಿಯೇ ತಣ್ಣಗಾಯಿತು. ನಮ್ಮ ತಂಡದಲ್ಲಿ ಬೇರೆ ಎಡಗೈಯವರಿರಲಿಲ್ಲ. ಬಲಗೈಗೆ ತೊಡುವ ಗ್ಲೋವ್ ಮತ್ತೊಂದಿರಲಿಲ್ಲ. ಕೋಚ್ ತಮ್ಮ ಟೋಪಿಯನ್ನು ನೆಲಕ್ಕೆ ಒಗೆದು, ಕಿರಿಯ ಪಿಚರ್‌ಗೆ ಸಿದ್ಧನಾಗಲು ಕೈಸನ್ನೆ ಮಾಡಿದರು. ಅಷ್ಟರಲ್ಲಿ ಎದುರಾಳಿ ತಂಡದ ಬೆಂಚಿನಿಂದ ಕೆಂಪು ಗಡ್ಡದ ದೈತ್ಯನೊಬ್ಬ, ಮೊದಲ ಬೇಸ್ ಕಾಯುವ ಅವರ ಎಡಗೈ ಆಟಗಾರ, ಎದ್ದು ಬಂದ. ಅವನ ಕೋಚ್ ಹೆಸರು ಹಿಡಿದು ಕೂಗಿದರೂ ತಿರುಗಿ ನೋಡಲಿಲ್ಲ. ತನ್ನ ಬಲಗೈಯ ಗ್ಲೋವ್ ಕಳಚಿ ಸದರಿಯವರ ಎದೆಗೆ ಒತ್ತಿದ.

"ನನ್ನ ಅಜ್ಜಿ ನನ್ನ ಎಡಗೈಗೆ ರೂಲರ್‌ನಲ್ಲಿ ಹೊಡೀತಿದ್ಲು. ಹಾಕ್ಕೋ. ನಾವು ನಿನ್ನ ಸೋಲಿಸಿದ್ರೆ ಸರಿಯಾಗಿ ಸೋಲಿಸ್ಬೇಕು" ಎಂದ.

ಸದರಿಯವರು ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡರು. ಅಂಪೈರ್ ಅದನ್ನು ಪರಿಶೀಲಿಸಿ ಅನುಮತಿಸಿದರು.

ಆ ಕೊನೆಯ ಇನ್ನಿಂಗ್ಸ್ ಕುರಿತು ನಾನು ವರದಿ ಮಾಡುವಷ್ಟು ಸಮಚಿತ್ತದಲ್ಲಿರಲಿಲ್ಲ. ಗ್ಲೋವ್ ದೊಡ್ಡದಾಗಿತ್ತು, ಕ್ಯಾಚರ್ ಹಿಂತಿರುಗಿಸಿದ ಮೊದಲ ಚೆಂಡೇ ಅದರಿಂದ ಜಾರಿ ಬಿತ್ತು. ಮೊದಲ ಬ್ಯಾಟ್ಸ್‌ಮನ್ ಚೆನ್ನಾಗಿ ಹೊಡೆದು ಎರಡನೆಯ ಬೇಸ್‌ವರೆಗೆ ಓಡಿದ. ಅವನು ಉಳಿದ ಬೇಸುಗಳನ್ನೂ ಸುತ್ತಿ ಹೋಮ್ ಎಂಬ ಹೊರಟ ಜಾಗಕ್ಕೆ ಮರಳಿದರೆ ಒಂದು ರನ್, ಪಂದ್ಯ ಸಮ. ಮುಂದಿನವನ ಹೊಡೆತ ಎತ್ತರಕ್ಕೆ ಹೋಗಿ ಕ್ಯಾಚ್ ಆಯಿತು. ಅದರ ಮುಂದಿನವನು ಮೂರು ಎಸೆತಗಳಲ್ಲಿ ಬ್ಯಾಟು ಬೀಸಿ ಸೋತು ಹೋದ. ಕೊನೆಯದಾಗಿ ಬ್ಯಾಟ್ ಹಿಡಿದು ಬಂದವನು ಆ ಕೆಂಪು ಗಡ್ಡದವನೇ.

ಅವನು ಮೊದಲ ಎಸೆತವನ್ನು ಬೇಲಿಯಾಚೆಗೆ ಹೊಡೆದ. ಗೆರೆಯಿಂದ ಸ್ವಲ್ಪ ಹೊರಗೆ ಹೋದದ್ದರಿಂದ ರನ್ ಸಿಗಲಿಲ್ಲ, ಹೊಡೆಯದೆ ಬಿಟ್ಟ ಎಸೆತವೆಂದೇ ಎಣಿಕೆಯಾಯಿತು. ನನ್ನ ಪಕ್ಕದಲ್ಲಿ ಶ್ರೀಮತಿಯವರು ಕಣ್ಣು ಮುಚ್ಚಿಕೊಂಡರು. ಎರಡನೆಯದಕ್ಕೆ ಬೀಸಿದ ಬ್ಯಾಟು ತಾಗಲಿಲ್ಲ. ಮಡಚಿದ ತೋಳು ಭುಜದಲ್ಲೇ ಇತ್ತು; ಎಸೆಯುವಾಗ ಆ ಮೊಣಕೈ ಮೈದಾನದ ಯಾವ ಮೂಲೆಯಿಂದಲೂ ಕಾಣುತ್ತಿತ್ತು. ಅವರು ಅದನ್ನು ಅಡಗಿಸಲಿಲ್ಲ. ಮೂರನೆಯ ಚೆಂಡು ಎದೆಮಟ್ಟಕ್ಕೆ ಬಂದಂತೆ ಬಂದು, ಮೊಣಕಾಲಿಗೆ ಇಳಿಯಿತು. ಗಡ್ಡದವನ ಬ್ಯಾಟು ಬರೀ ಗಾಳಿಯನ್ನು ಕಡಿದು, ಅವನನ್ನೇ ಒಂದು ಸುತ್ತು ತಿರುಗಿಸಿ ನೆಲಕ್ಕೆ ಕೂರಿಸಿತು. ಕೂತಲ್ಲಿಂದಲೇ ಅವನು ಚಪ್ಪಾಳೆ ತಟ್ಟಿದ.

ಅನಂತರ ನಮ್ಮವರು ಅವರನ್ನು ಎತ್ತಿದರು, ಕೆಡವಿದರು, ಮತ್ತೆ ಎತ್ತಿದರು. ಕೋಚ್ ಮೊದಲ ದರ್ಜೆಯ ಸ್ಥಾನವನ್ನು ಅಲ್ಲಿಯೇ ಘೋಷಿಸಿದರು. ಮುಂದಿನ ಋತುಗಳಲ್ಲಿ ಸಿಡ್ನಿಯ ಮೈದಾನಗಳಲ್ಲಿ ಸದರಿಯವರು ಗಳಿಸಿದ ಗೆಲುವುಗಳು, ಕ್ಲಬ್ಬಿಗೆ ತಂದ ಟ್ರೋಫಿ, ಅವರ ಎಸೆತವನ್ನು ನೋಡಲೆಂದೇ ದೂರದ ಸ್ಕೋಫೀಲ್ಡ್ಸ್‌ನಿಂದಲೂ ಕಾರು ಓಡಿಸಿಕೊಂಡು ಬರುತ್ತಿದ್ದ ನಮ್ಮ ಕನ್ನಡ ಕುಟುಂಬಗಳು, ಇವೆಲ್ಲವನ್ನೂ ಕಳೆದ ತಿಂಗಳ ವಿದಾಯಕೂಟದಲ್ಲಿ ಕ್ಲಬ್ಬಿನವರು ವಿವರವಾಗಿ ಸ್ಮರಿಸಿದ್ದಾರೆ. ಪುನರುಕ್ತಿ ಬೇಡವೆಂದು ನಾನು ಬಿಟ್ಟಿದ್ದೇನೆ. ಅಲ್ಲಿ ಯಾರಿಗೂ ಗೊತ್ತಿಲ್ಲದಿದ್ದರಿಂದ ಯಾರೂ ಹೇಳದೆ ಉಳಿದ ಒಂದು ಸಂಗತಿಯನ್ನು ಮಾತ್ರ ದಾಖಲಿಸಬೇಕಾಗಿದೆ.

ಮೆಲ್ಬರ್ನ್‌ನಲ್ಲಿ ಗದ್ದಲ ಇಳಿದು ಎಲ್ಲರೂ ಸಾಮಾನು ಕಟ್ಟುತ್ತಿದ್ದಾಗ, ಸದರಿಯವರು ಒಬ್ಬರೇ ಅಂಪೈರ್ ಬಳಿಗೆ ಹೋದರು. ಅಂಪೈರ್ ತಮ್ಮ ಮುಖಕವಚವನ್ನು ಚೀಲಕ್ಕೆ ತುಂಬುತ್ತಿದ್ದರು. ಇವರು ಏನೋ ಕೇಳಿದರು. ಅಂಪೈರ್‌ಗೆ ಅರ್ಥವಾಗದೆ ಮತ್ತೊಮ್ಮೆ ಕೇಳಿಸಿಕೊಂಡರು. ಇವರು ತಮ್ಮ ಮೊಣಕೈಯನ್ನು ಎತ್ತಿ ತೋರಿಸಿದರು. ಅಂಪೈರ್ ಅದನ್ನು ನೋಡಿ, ಭುಜ ಕುಣಿಸಿ, ನಾಲ್ಕು ಮಾತು ಹೇಳಿ, ಕೈ ಕುಲುಕಿ, ಚೀಲ ಹೆಗಲಿಗೇರಿಸಿ ಹೊರಟರು. ಇವರು ನಮ್ಮ ಕಡೆ ಬಂದರು.

"ಏನು ಕೇಳಿದ್ರಿ ಅವ್ರಿಗೆ?" ಎಂದು ಶ್ರೀಮತಿಯವರು ವಿಚಾರಿಸಿದರು.

"ನನ್ನ ಮೊಣಕೈಯಾಗೆ ಏನಾದ್ರೂ ತಪ್ಪು ಕಂಡಿತಾ ಅಂತ."

"ಏನಂದ್ರು?"

"ಎಣ್ಣೆ ಹುಡುಕ್ತಿದ್ದೆ, ಮೊಣಕೈ ನೋಡ್ಲಿಲ್ಲ ಅಂದ್ರು. ಚೆಂಡು ಎಲ್ಲಿಗೆ ಬರುತ್ತೆ ಅಂತ ನೋಡೋದೇ ಸಾಕಾಗಿತ್ತಂತೆ ಅವ್ರಿಗೆ ಇವತ್ತು."

ಶ್ರೀಮತಿಯವರು ಅವರನ್ನು ಒಮ್ಮೆ ಕಾಲಿನಿಂದ ತಲೆಯವರೆಗೆ ನೋಡಿದರು.

"ಇಷ್ಟು ಕೇಳಕ್ಕೆ ದಾವಣಗೆರೆಯಿಂದ ಇಲ್ಲೀಗಂಟ ಬರಬೇಕಾಯ್ತೇನ್ರೀ" ಎಂದರು.

ಸದರಿಯವರು ತಂತಿಬೇಲಿಗೆ ಒರಗಿ ನಗತೊಡಗಿದರು, ಮತ್ತು ಕಾರಿನಲ್ಲಿ ಕುಳಿತ ಮೇಲೂ ನಿಲ್ಲಿಸಲಿಲ್ಲ; ಆದ ಕಾರಣ ಮೆಲ್ಬರ್ನ್ ಊರು ದಾಟುವವರೆಗೆ ಕಾರನ್ನು ನಾನೇ ಓಡಿಸಬೇಕಾಯಿತು.